49ರ ವಯಸ್ಸಿನ ಕೋಬಾಲ್ ಪ್ರೋಗ್ರಾಮರ್: ಕೋಡ್ ಬಿಟ್ಟು ಮ್ಯಾನೇಜರ್ ಆಗಲೇಬೇಕೇ?

ಪ್ರಶ್ನೆ: ರಾತ್ರಿ ಬ್ಯಾಚ್, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನಗೀಗ 49 ವರ್ಷ. 2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ತಾರೀಖನ್ನು ತಪ್ಪಾಗಿ ಓದಬಹುದೆಂಬ ವೈಟುಕೆ ಗಡಿಬಿಡಿಯಲ್ಲಿ, ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರನ್ನು ಕಂಪನಿಗಳು ಹುಡುಕಿಕೊಂಡು ಬರುತ್ತಿದ್ದ ಕಾಲದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟವನು ನಾನು. ಅಂದಿನಿಂದ ಇಂದಿನವರೆಗೂ ಬ್ಯಾಂಕ್ ಮತ್ತು ವಿಮಾ ಸಂಸ್ಥೆಗಳ ಹಳೆಯ ಪ್ರೋಗ್ರಾಮ್‌ಗಳನ್ನು ಓದುವುದು, ತಿದ್ದುವುದು, ದಿನದ ವ್ಯವಹಾರಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವ ರಾತ್ರಿಯ ಬ್ಯಾಚ್ ಕೆಲಸ ನಡುವೆ ನಿಂತುಹೋದರೆ ಎದ್ದು ಕೂತು ಅದನ್ನು ಮತ್ತೆ ಹೊರಡಿಸುವುದು, ಇಷ್ಟೇ ನನ್ನ ವೃತ್ತಿಜೀವನ. ಹೊಸದಾಗಿ ಬರೆದ ಸಾಲುಗಳಿಗಿಂತ ಬೇರೆಯವರು ಬರೆದಿಟ್ಟುಹೋದದ್ದನ್ನು ಓದಿದ್ದೇ ಹೆಚ್ಚು.

ಈಗ ನಮ್ಮ ಘಟಕದಲ್ಲಿ ನನ್ನ ವಯಸ್ಸಿನವರ ಮುಂದೆ ಎರಡು ದಾರಿ ಇಟ್ಟಿದ್ದಾರೆ. ಒಂದು, ತಂಡವೊಂದರ ಮ್ಯಾನೇಜರ್ ಆಗುವುದು. ಇನ್ನೊಂದು, ಎಐ ಸಾಧನ ಬಳಸಿ ಕೋಬಾಲ್ ಪ್ರೋಗ್ರಾಮ್‌ಗಳನ್ನು ಜಾವಾ ಎಂಬ ಈಚಿನ ಭಾಷೆಗೆ ಬದಲಾಯಿಸುವ ತಂಡಕ್ಕೆ ಸೇರುವುದು. ಅಲ್ಲಿ ಉಳಿದವರೆಲ್ಲ 25ರ ಆಸುಪಾಸಿನವರು. ಇತರರ ಟೈಮ್‌ಶೀಟ್ ಮಂಜೂರು ಮಾಡುವುದರಲ್ಲಿ ನನಗೆ ಯಾವ ಆಸಕ್ತಿಯೂ ಇಲ್ಲ. ಆದರೆ ಎರಡನೆಯ ದಾರಿಯಲ್ಲಿ ನನ್ನ ಕೆಲಸಕ್ಕೆ ನಾನೇ ಗೋರಿ ತೋಡಿದಂತೆ ಆಗುವುದಿಲ್ಲವೇ ಎಂಬ ಅನುಮಾನ ಬಿಡುತ್ತಿಲ್ಲ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ಮನೆಯ ಸಾಲ ಇನ್ನೂ ತೀರಿಲ್ಲ. ಈ ಹಂತವನ್ನು ದಾಟಿ ಬಂದ ಹಿರಿಯರು ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಲೆಡ್ಜರ್, ಮಂಗಳೂರು

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು, ಈಗ ವಯಸ್ಸು 67. ನನ್ನ ಕಾಲದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಅದರೊಳಗೇ ಇದೆ.

ನಮ್ಮ ಕರಾವಳಿಗೆ ಬ್ಯಾಂಕುಗಳೇನೂ ಹೊಸತಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಲ್ಲವೂ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವು. 1983ರಲ್ಲಿ ಬ್ಯಾಂಕ್ ನೌಕರರ ಸಂಘಗಳೊಂದಿಗೆ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಗಿ, ಮರುವರ್ಷ ಬ್ಯಾಂಕುಗಳ ಗಣಕೀಕರಣದ ಕುರಿತ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ, ಶಾಖೆಗಳಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಯಂತ್ರಗಳು ಒಂದೊಂದಾಗಿ ಬರತೊಡಗಿದವು. ಅವುಗಳಿಗೆ ಪ್ರೋಗ್ರಾಮ್ ಬರೆಯುವ ತಂಡದಲ್ಲಿ ನಾನಿದ್ದೆ. ನಾವು ಶಾಖೆಗೆ ಹೋದಾಗ ಹಿರಿಯ ಗುಮಾಸ್ತರು ನಮ್ಮನ್ನು ನೋಡುತ್ತಿದ್ದ ದೃಷ್ಟಿ, ನೀವೀಗ ಆ ಎಐ ಸಾಧನವನ್ನು ನೋಡುತ್ತಿರುವ ದೃಷ್ಟಿಗಿಂತ ಬೇರೆಯಾಗಿರಲಿಲ್ಲ.

ಆಗ ಉಳಿತಾಯ ಖಾತೆಗೆ ಬಡ್ಡಿ ಕಟ್ಟುತ್ತಿದ್ದ ಕ್ರಮ ಇಂದಿನವರಿಗೆ ವಿಚಿತ್ರವೆನಿಸಬಹುದು. ಪ್ರತಿ ತಿಂಗಳ 10ನೇ ತಾರೀಖಿನಿಂದ ತಿಂಗಳ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಶಿಲ್ಕು ಎಷ್ಟೋ, ಆ ತಿಂಗಳಿಗೆ ಅಷ್ಟಕ್ಕೆ ಮಾತ್ರ ಬಡ್ಡಿ. ತಿಂಗಳಿಡೀ ಒಂದು ಲಕ್ಷ ರೂಪಾಯಿ ಇಟ್ಟು 28ಕ್ಕೆ 95,000 ತೆಗೆದವರಿಗೆ ಬಡ್ಡಿ ಸಿಗುತ್ತಿದ್ದದ್ದು 5,000ಕ್ಕೆ. ಸಂಬಳ ಬಂದವರು 10ರೊಳಗೆ ಹಣ ಕಟ್ಟಲು ಸಾಲು ನಿಲ್ಲುತ್ತಿದ್ದದ್ದು ಇದೇ ಕಾರಣಕ್ಕೆ. ನಿಯಮವೇನೋ ಸುತ್ತೋಲೆಯಲ್ಲಿತ್ತು, ಆದರೆ 10ನೇ ತಾರೀಖು ಭಾನುವಾರ ಬಿದ್ದರೆ ಆ ಶಾಖೆಯಲ್ಲಿ ಏನು ಮಾಡುತ್ತಾರೆ, ತಿಂಗಳ ನಡುವೆ ಖಾತೆ ಬೇರೆ ಶಾಖೆಗೆ ವರ್ಗವಾಗಿ ಬಂದಿದ್ದರೆ ಯಾವ ಶಿಲ್ಕನ್ನು ಹಿಡಿಯುತ್ತಾರೆ ಎಂಬುದೆಲ್ಲ ಹೆಡ್ ಗುಮಾಸ್ತರ ತಲೆಯಲ್ಲಿತ್ತು. ಅವರು ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಹೇಳದಿದ್ದರೆ ನಮ್ಮ ಪ್ರೋಗ್ರಾಮ್ ಮೊದಲ ಅರ್ಧವರ್ಷದ ಬಡ್ಡಿಯಲ್ಲೇ ಮುಗ್ಗರಿಸುತ್ತಿತ್ತು.

2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ದಿನದ ಶಿಲ್ಕಿನ ಮೇಲೆ ಬಡ್ಡಿ ಕೊಡಬೇಕೆಂದು ನಿಯಮ ಬದಲಿಸಿತು. ಆ ಹೊತ್ತಿಗೆ ನಾನು ದೊಡ್ಡ ವ್ಯವಸ್ಥೆಯೊಂದರ ನಿರ್ವಹಣೆಯಲ್ಲಿದ್ದೆ. ಚುರುಕಾದ ಯುವಕನೊಬ್ಬ ಹಳೆಯ ಪ್ರೋಗ್ರಾಮಿನಲ್ಲಿದ್ದ 10 ಎಂಬ ಅಂಕಿಯ ಸುತ್ತಲಿನ ಸಾಲುಗಳನ್ನು ತೋರಿಸಿ, ಇನ್ನು ಇದು ಬೇಡವಲ್ಲ, ತೆಗೆದುಬಿಡೋಣವೇ ಎಂದು ಕೇಳಿದ. ತರ್ಕ ಸರಿಯಾಗಿಯೇ ಇತ್ತು. ಆದರೆ ವರ್ಷಗಟ್ಟಲೆ ವ್ಯವಹಾರವಿಲ್ಲದೆ ಬಿದ್ದಿರುವ ಖಾತೆಗೆ, ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರು ಬಂದು ಕೇಳುವ ಹಣಕ್ಕೆ, 2010ಕ್ಕಿಂತ ಹಿಂದಿನ ಅವಧಿಯ ಬಡ್ಡಿಯನ್ನು ಹೊಸದಾಗಿ ಲೆಕ್ಕ ಹಾಕಬೇಕಾಗಿ ಬಂದರೆ ಆ 10 ಬೇಕೇ ಬೇಕು. ಹುಡುಗ ಕೋಡನ್ನು ಓದಿದ್ದ; ಆ ಕೌಂಟರಿನ ಮುಂದೆ ಸಾಲು ನಿಂತಿದ್ದವರನ್ನು ಅವನು ನೋಡಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ನಿಮಗೆ ಕೋಬಾಲ್ ಗೊತ್ತಿದೆ ಎಂಬುದಕ್ಕೆ ಇನ್ನು ಹೆಚ್ಚು ಬೆಲೆ ಸಿಗಲಾರದು, ಅದನ್ನು ಯಾವ ಸಾಧನವಾದರೂ ಕಲಿತೀತು. ನೀವು ಓದಿದ ಪ್ರೋಗ್ರಾಮ್‌ಗಳು ಹೀಗೇಕೆ ಇವೆ ಎಂಬುದು ನಿಮಗೆ ಗೊತ್ತಿದೆ, ಅದೇ ನಿಮ್ಮ ಬಂಡವಾಳ. ಅದು ಉಪಯೋಗಕ್ಕೆ ಬರುವುದು ಎರಡನೆಯ ದಾರಿಯಲ್ಲಿ, ಮ್ಯಾನೇಜರ್ ಕುರ್ಚಿಯಲ್ಲಲ್ಲ.

ಉತ್ತರ: ಬಿಲ್ಲಿಂಗ್ ಲೆಕ್ಕ, ಬೆಂಗಳೂರು

ಮಂಗಳೂರಿನ ಹಿರಿಯರ ಮಾತಿಗೆ ಗೌರವವಿದೆ. ಆದರೂ ನಾನು ಯೋಜನೆಗಳಿಗೆ ಜನರನ್ನು ಹೊಂದಿಸುವ ಕೆಲಸ ಮಾಡುವವಳಾದ್ದರಿಂದ, ಈ ವಿಷಯ ಸಂಸ್ಥೆಯ ಕಡೆಯಿಂದ ಹೇಗೆ ಕಾಣುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು.

ಸೇವಾ ಸಂಸ್ಥೆಗಳಲ್ಲಿ ನಡೆಯುವುದು ಪಿರಮಿಡ್ ಲೆಕ್ಕ, ಅಂದರೆ ಕೆಳಗೆ ಕಡಿಮೆ ಸಂಬಳದ ಕಿರಿಯರು ಹೆಚ್ಚು, ಮೇಲೆ ಹಿರಿಯರು ಕೆಲವೇ ಮಂದಿ. ಗ್ರಾಹಕರು ಒಂದು ಪಾತ್ರಕ್ಕೆ ಗಂಟೆಗೆ ಇಂತಿಷ್ಟು ಎಂದು ಒಪ್ಪಿಕೊಂಡಿರುತ್ತಾರೆ. ಆ ಪಾತ್ರದಲ್ಲಿರುವವರ ಸಂಬಳ ವರ್ಷ ವರ್ಷ ಏರಿದಂತೆ ಗ್ರಾಹಕರು ಕೊಡುವ ದರ ಏರುವುದಿಲ್ಲ. ಹಾಗಾಗಿ 20 ವರ್ಷ ಅನುಭವವಿರುವವರನ್ನು ಎಂಟು ವರ್ಷದ ಅನುಭವ ಸಾಕಾಗುವ ಜಾಗದಲ್ಲಿ ಕೂರಿಸಿದರೆ ಯೋಜನೆಯ ಲಾಭಾಂಶ ಕರಗುತ್ತದೆ, ಪ್ರಶ್ನೆ ನನ್ನಂಥವರ ಮೇಜಿಗೆ ಬರುತ್ತದೆ. ಮ್ಯಾನೇಜರ್ ಆಗಿ ಎಂದು ಒತ್ತಾಯಿಸುವುದು ನಿಮ್ಮಲ್ಲಿ ನಾಯಕತ್ವ ಕಂಡು ಅಲ್ಲ. ನಿಮ್ಮ ಸಂಬಳವನ್ನು ಹತ್ತಾರು ಜನರ ಬಿಲ್ಲಿಂಗ್ ಮೇಲೆ ಹಂಚುವುದಕ್ಕೆ ಅದೊಂದೇ ಸುಲಭದ ದಾರಿ. ಇದರಲ್ಲಿ ವಯಸ್ಸಿನ ಮೇಲಿನ ದ್ವೇಷಕ್ಕಿಂತ ಎಕ್ಸೆಲ್ ಹಾಳೆಯ ಪಾಲೇ ಹೆಚ್ಚು. ಅನುಭವಿಸುವವರಿಗೆ ಎರಡೂ ಒಂದೇ ಎಂಬುದನ್ನೂ ಒಪ್ಪುತ್ತೇನೆ.

ಇನ್ನು, ತಲೆಯಲ್ಲಿರುವುದೇ ಬಂಡವಾಳ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಒಬ್ಬರ ನೆನಪಿನ ಮೇಲೆ ನಿಂತ ವ್ಯವಸ್ಥೆಯನ್ನು ಗ್ರಾಹಕರ ಆಡಿಟ್ ತಂಡ ಅಪಾಯ ಎಂದೇ ದಾಖಲಿಸುತ್ತದೆ. ಗೊತ್ತಿರುವುದನ್ನು ಹೇಳದೆ ಬಚ್ಚಿಟ್ಟುಕೊಂಡರೆ ಕೆಲಸ ಉಳಿಯುತ್ತದೆ ಎಂದು ನಂಬಿದ ಅನೇಕರನ್ನು ನೋಡಿದ್ದೇನೆ; ಅವರ ಬದಲಿಗೆ ಇನ್ನೊಬ್ಬರನ್ನು ತಯಾರು ಮಾಡುವುದು ಆ ಯೋಜನೆಯ ಮೊದಲ ಕೆಲಸವಾಗಿಬಿಡುತ್ತದೆ.

ಕೆಲಸದ ಮಾತು ಏನೇ ಇರಲಿ, 49ರಲ್ಲಿ ಮಾಡಲೇಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದಾಗಿ ಸಂಸ್ಥೆಯ ಗುಂಪು ಆರೋಗ್ಯ ವಿಮೆಯನ್ನು ನೆಚ್ಚಿಕೊಂಡು ಕೂರಬೇಡಿ, ಅದು ಕೆಲಸದೊಂದಿಗೇ ಹೋಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿಗಳು ಗರಿಷ್ಠ ಮೂರು ವರ್ಷ ಕಾಯಿಸಬಹುದು. ಕೆಲಸದಲ್ಲಿದ್ದಾಗಲೇ ಸ್ವಂತ ಪಾಲಿಸಿ ಮಾಡಿಸಿದರೆ ಆ ಅವಧಿ ಈಗಲೇ ಓಡತೊಡಗುತ್ತದೆ. ಎರಡನೆಯದಾಗಿ, ಇಪಿಎಫ್ ಜೊತೆಗೆ ಬರುವ ಪಿಂಚಣಿಯನ್ನು ದೊಡ್ಡ ಆಸರೆ ಎಂದುಕೊಳ್ಳಬೇಡಿ. ಅದು ಪೂರ್ಣವಾಗಿ ಸಿಗುವುದು 58ಕ್ಕೆ. 50ರ ಮೇಲೆ ಮುಂಚಿತವಾಗಿ ಪಡೆದರೆ ವರ್ಷಕ್ಕೆ ಶೇ. 4ರಂತೆ ಕಡಿತ. 2014ರಿಂದ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ ಆಗಿರುವುದರಿಂದ, ಆ ಮಿತಿಯೊಳಗೆ ಕಟ್ಟಿದವರಿಗೆ ಬರುವ ಪಿಂಚಣಿ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸನ್ನು ದಾಟುವುದು ಕಷ್ಟ. ಮನೆಯ ಸಾಲವನ್ನು ಆದಷ್ಟು ಬೇಗ ಇಳಿಸಿಕೊಂಡವರು ಮಾತ್ರ ಮ್ಯಾನೇಜರ್ ಹುದ್ದೆ ಬೇಡ ಎಂದು ನಿರಾಳವಾಗಿ ಹೇಳಬಲ್ಲರು.

ಉತ್ತರ: ಎಡಿಸನ್ ನಿವಾಸಿ, ನ್ಯೂಜೆರ್ಸಿ

ನನಗೆ 56 ವರ್ಷ, ಹಾಸನದವಳು, ಇಲ್ಲಿಗೆ ಬಂದು ಎರಡು ದಶಕಗಳ ಮೇಲಾಯಿತು. ಇಂದಿಗೂ ದೊಡ್ಡ ಸಂಸ್ಥೆಗಳ ಲೆಕ್ಕ ನಡೆಸುವ ಮೇನ್‌ಫ್ರೇಮ್ ಕಂಪ್ಯೂಟರಿನಲ್ಲೇ ಕೋಡ್ ಬರೆಯುತ್ತೇನೆ, ಮ್ಯಾನೇಜರ್ ಆಗಲಿಲ್ಲ.

2020ರ ಏಪ್ರಿಲ್‌ನಲ್ಲಿ ನಮ್ಮ ಆಗಿನ ಗವರ್ನರ್ ಫಿಲ್ ಮರ್ಫಿ ಅವರು ಕೋವಿಡ್ ಕುರಿತ ಪತ್ರಿಕಾಗೋಷ್ಠಿಯಲ್ಲಿ, ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಕೇಳಿಕೊಂಡದ್ದು ಇಲ್ಲಿ ಕೆಲವರಿಗಾದರೂ ನೆನಪಿರಬಹುದು. ನಿರುದ್ಯೋಗ ಭತ್ಯೆಯ ಅರ್ಜಿಗಳು ಒಮ್ಮೆಲೇ ಪ್ರವಾಹದಂತೆ ಬಂದಿದ್ದವು. ಅದರ ಮೇಲೆ ಮಾರ್ಚ್ 27ರಂದು ಸಹಿಯಾದ ಕೇಂದ್ರ ಕಾಯಿದೆ ಭತ್ಯೆ ಪಡೆಯುವ ಪ್ರತಿಯೊಬ್ಬರಿಗೂ ವಾರಕ್ಕೆ 600 ಡಾಲರ್ ಹೆಚ್ಚುವರಿ ಕೊಡಬೇಕೆಂದಿತು. ಪತ್ರಿಕೆಗಳು ಇದನ್ನು ಮುದಿ ಭಾಷೆಯ ಕಥೆಯಾಗಿ ಬರೆದವು. ನನಗೆ ಕಂಡದ್ದು ಬೇರೆ: ಕೆಲವೇ ದಿನಗಳಲ್ಲಿ ಹೊಸ ನಿಯಮವನ್ನು ಹಳೆಯ ಲೆಕ್ಕದೊಳಗೆ ಸೇರಿಸಬೇಕಾಗಿ ಬಂದಾಗ, ಆ ಲೆಕ್ಕ ಬಲ್ಲವರನ್ನು ಉಳಿಸಿಕೊಳ್ಳುವ ಖರ್ಚನ್ನು ಯಾರೂ ಮಾಡಿರಲಿಲ್ಲ. ಕೊನೆಗೆ ಅದನ್ನು ಪುಕ್ಕಟೆಯಾಗಿ ಕೇಳಬೇಕಾಯಿತು.

ಇಲ್ಲಿ 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ತಾರತಮ್ಯದಿಂದ ಕಾಣಬಾರದೆಂಬ ಕಾನೂನು 1967ರಿಂದಲೂ ಇದೆ. ಅದರಿಂದ ಸಂದರ್ಶನದಲ್ಲಿ ವಯಸ್ಸು ಕೇಳುವುದು ನಿಂತಿದೆಯೇ ಹೊರತು, ನಿಮ್ಮ ಅರ್ಹತೆ ಈ ಹುದ್ದೆಗೆ ಹೆಚ್ಚಾಯಿತು ಎಂದು ನಯವಾಗಿ ಹೇಳಿ ಕಳಿಸುವುದು ನಿಂತಿಲ್ಲ.

ರಾತ್ರಿ ಬ್ಯಾಚ್ ಅವರೇ, ನಿಮ್ಮ ಹೆಸರು ನೋಡಿ ಒಂದು ಮಾತು. ವಯಸ್ಸಾದಂತೆ ನನಗೆ ನಿಜವಾಗಿ ಕಷ್ಟವಾದದ್ದು ಹೊಸ ವಿಷಯದ ಕಲಿಕೆಯಲ್ಲ, ನಿದ್ದೆ ಕೆಡುವುದು. ಬೆಳಗಿನ ಜಾವ ಎರಡು ಗಂಟೆಗೆ ಸಾಕ್ ಸೆವೆನ್ (ಅಂಕಿ ಇರಬೇಕಾದಲ್ಲಿ ಬೇರೇನೋ ಬಂದು ಪ್ರೋಗ್ರಾಮ್ ನಿಂತುಹೋಗುವ ದೋಷ) ಬಿದ್ದಿದೆ ಎಂದು ಫೋನ್ ಬಂದರೆ, 30ರಲ್ಲಾದರೆ ಅರ್ಧ ಗಂಟೆಯಲ್ಲಿ ಎದ್ದು ಮುಗಿಸಿ ಮಲಗುತ್ತಿದ್ದೆ. ಈಗ ಮರುದಿನವಿಡೀ ತಲೆ ಭಾರ. ಆದರೆ ಡಂಪ್, ಅಂದರೆ ನಿಂತ ಕ್ಷಣದ ಮೆಮೊರಿಯ ಪ್ರತಿ, ನೋಡಿದ ಕೂಡಲೇ ಕಣ್ಣು ನೇರವಾಗಿ ಆ ಅಂಕಣಕ್ಕೇ ಹೋಗುತ್ತದೆ. ಒಂದು ಬೈಟಿನಲ್ಲಿ ಎರಡು ಅಂಕಿ ಹಿಡಿಸುವ ಪ್ಯಾಕ್ಡ್ ಡೆಸಿಮಲ್ ಸಂಖ್ಯೆಯ ಕೊನೆಯ ಅರ್ಧ ಬೈಟಿನಲ್ಲಿ ಧನ ಅಥವಾ ಋಣ ಸೂಚಿಸುವ ಸಿ ಅಥವಾ ಡಿ ಇರಬೇಕಾದ ಕಡೆ ಸೊನ್ನೆ, ಹಿಂದೆಲ್ಲ ಖಾಲಿ ಜಾಗದ ಸಂಕೇತವಾದ 40 40 40. ಅಂದರೆ ಯಾರೋ ಮೊತ್ತದ ಜಾಗವನ್ನು ಖಾಲಿ ಬಿಟ್ಟು ಕಡತ ಕಳಿಸಿದ್ದಾರೆ. ನಾನು ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದ ಇದು: ರಾತ್ರಿಯ ಪಾಳಿ ಕಿರಿಯರದು, ಬೆಳಿಗ್ಗೆ ಎಂಟಕ್ಕೆ ಕುಳಿತು ಅದು ಏಕೆ ಬಿತ್ತೆಂದು ಬರೆದಿಡುವುದು ನನ್ನದು. ಸಂಬಳ ಹೆಚ್ಚಲಿಲ್ಲ, ಆದರೆ ಕೆಲಸದಲ್ಲಿ ಉಳಿದಿದ್ದೇನೆ. ಸಂಜೆ ನಡಿಗೆಗೂ ಹೋಗುತ್ತೇನೆ.

ಪ್ರತಿಕ್ರಿಯೆ: ರಾತ್ರಿ ಬ್ಯಾಚ್, ಬೆಂಗಳೂರು

ಮೂವರಿಗೂ ಧನ್ಯವಾದಗಳು. ಹಿರಿಯರಲ್ಲಿ ಒಂದು ಪ್ರಶ್ನೆ, ಸರ್. ಏಕೆ ಎಂಬುದು ನಮಗೆ ಗೊತ್ತು ಎಂದಿರಿ. ಆದರೆ ಎಐ ಸಾಧನಗಳು ಈಗ ಬರಿಯ ಭಾಷೆ ಬದಲಾಯಿಸುವುದಿಲ್ಲ, ಪ್ರೋಗ್ರಾಮ್ ಏನು ಮಾಡುತ್ತದೆ ಎಂದು ವಿವರಣೆಯನ್ನೂ ಬರೆದುಕೊಡುತ್ತವೆ. ಕೆಲವು ವಿವರಣೆಗಳು ನಾನು ಬರೆಯುವುದಕ್ಕಿಂತ ಅಚ್ಚುಕಟ್ಟಾಗಿವೆ. ಹಾಗಿದ್ದ ಮೇಲೆ ಆ ಬಂಡವಾಳ ಎಷ್ಟು ದಿನ ಬಂದೀತು?

ಉತ್ತರ: ಹಳೆಯ ಲೆಡ್ಜರ್, ಮಂಗಳೂರು

ನ್ಯಾಯವಾದ ಪ್ರಶ್ನೆ. ನನ್ನ ಮಗಳು ಇದೇ ಕ್ಷೇತ್ರದಲ್ಲಿದ್ದಾಳೆ. ಕುತೂಹಲಕ್ಕೆಂದು, ಆ ಹಳೆಯ ಬಡ್ಡಿ ಲೆಕ್ಕವನ್ನು ನೆನಪಿನಿಂದ ಒಂದು ಪುಟದಷ್ಟು ಕೋಬಾಲ್ ಬರೆದು ಅವಳ ಸಾಧನಕ್ಕೆ ಕೊಟ್ಟು ನೋಡಿದೆವು. 10ರಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕು ಎಂದು ಕೂಡಲೇ ಹೇಳಿತು. ಇದು ಭಾರತದ ಬ್ಯಾಂಕಿನದ್ದು ಎಂದು ತಿಳಿಸಿದಾಗ 2010ರ ಬದಲಾವಣೆಯನ್ನೂ ತಾನಾಗಿಯೇ ಎತ್ತಿತು. ಅದನ್ನು ಹಗುರವಾಗಿ ಕಾಣುವುದು ಮೂರ್ಖತನ. ಅಚ್ಚಾಗಿರುವುದೆಲ್ಲ ಅದಕ್ಕೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ಅದೇ ಪುಟದಲ್ಲಿ ಒಂದು ಶಾಖೆಯ ಸಂಖ್ಯೆಗೆ ಮಾತ್ರ ಬೇರೆ ರೀತಿ ಲೆಕ್ಕ ಹಾಕುವ ಒಂದು ಸಾಲನ್ನೂ ಸೇರಿಸಿದ್ದೆ. ಹಿಂದೆ ಇನ್ನೊಂದು ಶಾಖೆಯನ್ನು ಅದರೊಳಗೆ ವಿಲೀನ ಮಾಡಿದಾಗ, ಆ ಖಾತೆಗಳ ಹಳೆಯ ಶಿಲ್ಕು ಬೇರೆ ಪುಸ್ತಕದಲ್ಲಿ ಉಳಿದಿದ್ದರಿಂದ ಹಾಗೆ ಮಾಡಿದ್ದೆವು. ಸಾಧನ ಅದಕ್ಕೂ ಒಂದು ಕಾರಣ ಕೊಟ್ಟಿತು, ನಂಬುವಂತೆಯೇ ಇತ್ತು, ಆದರೆ ಶುದ್ಧ ಕಲ್ಪನೆ. ಗೊತ್ತಿಲ್ಲ ಎಂದಿದ್ದರೆ ಚಿಂತೆಯಿರಲಿಲ್ಲ. ನಿಮ್ಮ ತಂಡದ 25ರ ಹುಡುಗರು ಆ ವಿವರಣೆಯನ್ನು ಓದಿ ಸರಿ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ, ಅದು ಅವರ ತಪ್ಪೂ ಅಲ್ಲ. ಅಲ್ಲಿ ನಿಲ್ಲಿಸಿ, ಇದು ಯಾರ ಮಾತು, ಯಾವ ಸುತ್ತೋಲೆ, ಗ್ರಾಹಕರ ಕಡೆ ಇದನ್ನು ಬಲ್ಲವರು ಇನ್ನೂ ಯಾರಿದ್ದಾರೆ ಎಂದು ಕೇಳುವ ಕೆಲಸವನ್ನು ನೀವು ಹಿಡಿಯಿರಿ. ಗ್ರಾಹಕರ ಕಡೆಯಲ್ಲೂ ಅಂಥವರು ನಿವೃತ್ತಿಯ ಅಂಚಿನಲ್ಲಿರುತ್ತಾರೆ, ಆದ್ದರಿಂದ ತಡಮಾಡಬೇಡಿ. ಎಷ್ಟು ದಿನ ಬಂದೀತು ಎಂದರೆ, ಒಂದು ದೊಡ್ಡ ಬ್ಯಾಂಕಿನ ವ್ಯವಸ್ಥೆ ಬದಲಾಯಿಸುವುದು ವರ್ಷಗಳ ಕೆಲಸ. ನಿಮ್ಮ 58ರವರೆಗೆ ಸಾಲದೆ ಹೋಗಲಾರದು ಎಂಬುದು ನನ್ನ ಅಂದಾಜು.

ಉತ್ತರ: ಬಿಲ್ಲಿಂಗ್ ಲೆಕ್ಕ, ಬೆಂಗಳೂರು

ಈ ಮಾತನ್ನು ನಾನೂ ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಆ ಕೆಲಸವನ್ನು ಸದ್ದಿಲ್ಲದೆ ಮಾಡಬೇಡಿ. ಪರಿವರ್ತನೆಯ ಯೋಜನೆಯಲ್ಲಿ ನಿಯಮಗಳ ಪರಿಶೀಲನೆ ಎಂಬುದನ್ನು ಪ್ರತ್ಯೇಕ ಪಾತ್ರವಾಗಿ, ಪ್ರತ್ಯೇಕ ದರದೊಂದಿಗೆ ಸೇರಿಸುವಂತೆ ನಿಮ್ಮ ಡೆಲಿವರಿ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಿ. ಅದೂ ಒಪ್ಪಂದದ ದರಗಳು ಅಂತಿಮವಾಗುವ ಮೊದಲೇ ಆಗಬೇಕು. ಸಹಿಯಾದ ಮೇಲೆ ಹೊಸ ಸಾಲು ಸೇರಿಸಲು ನನ್ನಂಥವರ ಕೈಯಲ್ಲೂ ಆಗುವುದಿಲ್ಲ.