ಅಪ್ಪನ 2003ರ ಎಸ್ಟೀಮ್ ಆಟೋಕ್ರಾಸ್‌ಗೆ ರೆಡಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಹಾಸನದ_ಎಸ್ಟೀಮ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2003ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ ಇದೆ. ಓಡಿರುವುದು 1,87,000 ಕಿ.ಮೀ. ಅಪ್ಪ ಹೊಸ ಗಾಡಿ ತಗೊಂಡ ಮೇಲೆ ಇದು ಶೆಡ್‌ನಲ್ಲೇ ನಿಂತಿದೆ. ಮಾರಲು ಹೋದರೆ ಗುಜರಿ ಬೆಲೆ ಕೇಳುತ್ತಾರೆ. ಆರ್‌ಸಿ ರಿನ್ಯೂ ಆಗಿದೆ, 2028ರವರೆಗೆ ತೊಂದರೆ ಇಲ್ಲ.

ಚಿಕ್ಕಮಗಳೂರು ಕಡೆ ಮಣ್ಣಿನ ಟ್ರ್ಯಾಕ್‌ನಲ್ಲಿ ಆಗುವ ಆಟೋಕ್ರಾಸ್ ಕಾರ್ ಸ್ಪರ್ಧೆಗೆ ಇಳಿಸೋಣ ಅಂತ ಆಸೆ. ಗೆಲ್ಲುವ ಹುಚ್ಚು ಇಲ್ಲ, ಓಡಿಸಿ ಕಲಿಯಬೇಕು ಅಷ್ಟೆ. ಬಜೆಟ್ 40,000 ರೂಪಾಯಿ. ಗೆಳೆಯರು ಫ್ರೀ ಫ್ಲೋ ಸೈಲೆನ್ಸರ್ ಹಾಕಿಸು, ಸ್ಪ್ರಿಂಗ್ ಕಟ್ ಮಾಡಿಸಿ ಗಾಡಿ ತಗ್ಗಿಸು ಅಂತಿದ್ದಾರೆ.

ಈಗ ಇರುವ ಕಾಯಿಲೆ: ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ. ಸ್ಟೇರಿಂಗ್ ಪೂರ್ತಿ ಕಟ್ ಮಾಡಿದರೆ ಮುಂದಿನಿಂದ ಕಟಕಟ ಸದ್ದು.

ಸ್ಟೆಪ್ನಿ_ಸ್ವಾಮಿ:

ಸ್ಪ್ರಿಂಗ್ ಕಟ್ ಮಾಡು ಅಂದ ಗೆಳೆಯನನ್ನೇ ಮೊದಲು ಪಕ್ಕದ ಸೀಟಲ್ಲಿ ಕೂರಿಸಿಕೊಂಡು ಟ್ರ್ಯಾಕ್‌ಗೆ ಹೋಗಿ. ಮೊದಲ ಗುಂಡಿಗೆ ಅವನ ಸೊಂಟ, ಎರಡನೇ ಗುಂಡಿಗೆ ಇಂಜಿನ್ ಕೆಳಗಿನ ಆಯಿಲ್ ಸಂಪು. 😀

ಗ್ರೀಸ್_ಕೈ, ತರೀಕೆರೆ:

ಸ್ವಾಮಿ ಹೇಳಿದ್ದು ತಮಾಷೆ ಅಲ್ಲ ತಮ್ಮಾ, ನಿಜ. ಮಣ್ಣಿನಲ್ಲಿ ಗಾಡಿ ತಗ್ಗಿದಷ್ಟೂ ಕೆಲಸ ಕೆಡುತ್ತದೆ. ಸೈಲೆನ್ಸರ್ ದುಡ್ಡನ್ನೂ ಜೇಬಲ್ಲೇ ಇಡು. ನಿನ್ನದು 1.3 ಲೀಟರ್ 16 ವಾಲ್ವ್ ಎಂಪಿಎಫ್‌ಐ, ಹೊಸದಿದ್ದಾಗ 85 ಬಿಎಚ್‌ಪಿ. ಗಾಡಿ ತೂಕ 900 ಕೆ.ಜಿ. ಒಳಗೆ. ಒಂದು, ಎರಡನೇ ಗೇರ್‌ನಲ್ಲೇ ಮುಗಿಯುವ ಟ್ರ್ಯಾಕ್‌ಗೆ, ಅದೂ ಹೊಸಬನಿಗೆ, ಇದು ಬೇಕಾದಷ್ಟಾಯಿತು. ನೀನೇ ಬರೆದ ಮೂರು ಕಾಯಿಲೆ ಇದೆಯಲ್ಲ, ದುಡ್ಡೆಲ್ಲ ಅಲ್ಲಿಗೆ ಹೋಗಲಿ.

ಮೊದಲು ಬ್ರೇಕ್. ಎಡಕ್ಕೆ ಎಳೆಯುತ್ತದೆ ಅಂದರೆ ಎಡಗಡೆ ಹಾಳಾಗಿದೆ ಅಂತ ಎಲ್ಲರೂ ಎಡ ಚಕ್ರವನ್ನೇ ಬಿಚ್ಚುತ್ತಾರೆ. ಎಷ್ಟೋ ಸಲ ಬಲಗಡೆಯದು ಹಿಡಿಯದೇ ಇರುವುದೇ ಕಾರಣ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಸ್ಲೈಡ್ ಆಗುವ ಪಿನ್ ಒಣಗಿ ಹಿಡಿದುಕೊಂಡಿರುತ್ತದೆ, ಇಲ್ಲ ಪಿಸ್ಟನ್ ತುಕ್ಕು ತಿಂದಿರುತ್ತದೆ. ಒಂದೆರಡು ಕಿ.ಮೀ. ಓಡಿಸಿ, ನಾಲ್ಕೈದು ಬಾರಿ ಬ್ರೇಕ್ ಹಿಡಿದು ನಿಲ್ಲಿಸು. ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಒಯ್ದು ನೋಡು, ಮುಟ್ಟಬೇಡ. ತಣ್ಣಗಿರುವ ಕಡೆ ಕೆಲಸ ಮಾಡುತ್ತಿಲ್ಲ. ಆಮೇಲೆ ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸ್ ಹಿಡಿದು ಬಗ್ಗಿಸಿ ನೋಡು. ಬಗ್ಗಿದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡರೂ ಎರಡೂ ಕಡೆ ಹೊಸದು ಹಾಕಿಸು. ಹಳೇ ಹೋಸ್ ಒಳಗಡೆಯಿಂದ ಊದಿಕೊಂಡರೆ ಪೆಡಲ್ ಬಿಟ್ಟರೂ ಆಯಿಲ್ ವಾಪಸ್ ಬರುವುದಿಲ್ಲ, ಆ ಚಕ್ರ ಹಿಡಿದುಕೊಂಡೇ ಓಡುತ್ತದೆ.

ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸ ಡಾಟ್ 4 ದರ್ಜೆಯದು ಹಾಕಿಸು. ಇದು ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಸೇರಿದ್ದಕ್ಕೆ 155 ಸಾಕು. ಕುದಿದರೆ ಆವಿ, ಆವಿ ಬಂದರೆ ಪೆಡಲ್ ಸೀದಾ ನೆಲಕ್ಕೆ. ಹಿಂದಿನ ಡ್ರಮ್ ಬಿಚ್ಚಿಸಿ, ದೂಳು ತೆಗೆಸಿ, ಶೂ ಅಡ್ಜಸ್ಟ್ ಮಾಡಿಸು. ಹ್ಯಾಂಡ್‌ಬ್ರೇಕ್ ಕೇಬಲ್ ಆಮೇಲೆ. ಶೂ ನೋಡದೆ ಕೇಬಲ್ ಒಂದನ್ನೇ ಬಿಗಿ ಮಾಡುವ ಮೆಕ್ಯಾನಿಕ್ ಆದರೆ ಗಾಡಿ ವಾಪಸ್ ತಗೊಂಡು ಬಾ. ಹೇರ್‌ಪಿನ್ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಒಂದೇ ಚಕ್ರ ಲಾಕ್ ಆದರೆ ಮಜಾ ಇರುವುದಿಲ್ಲ.

ಕಟಕಟ ಸದ್ದು ಹೊರಗಿನ ಸಿವಿ ಜಾಯಿಂಟ್‌ದು, ಅಂದರೆ ಚಕ್ರ ತಿರುಗಿಸುವ ಆಕ್ಸಲ್ ತುದಿಯ ಕೀಲು. ಚಕ್ರದ ಒಳಗಡೆ ರಿಮ್ ಮೇಲೆ ಕಪ್ಪು ಗ್ರೀಸ್ ಸಿಡಿದಿದ್ದರೆ ಅದರ ರಬ್ಬರ್ ಬೂಟ್ ಹರಿದಿದೆ ಅಂತಲೇ ಲೆಕ್ಕ. ಒಳಗೆ ಮಣ್ಣು ಹೋದರೆ ಗ್ರೀಸೇ ಅರೆಯುವ ಕಲ್ಲಾಗುತ್ತದೆ. ಸದ್ದು ಬಂದ ಮೇಲೆ ಬರೀ ಬೂಟ್ ಹಾಕಿ ಪ್ರಯೋಜನ ಇಲ್ಲ, ಜಾಯಿಂಟ್ ಬದಲಾಯಿಸು.

ಬಿಸಿ ಆಗುವುದು ನಿಂತಾಗ ಮಾತ್ರ ಅಂದೆಯಲ್ಲ, ಹಾಗಾದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಎಸಿ ಆಫ್ ಮಾಡಿ ಗಾಡಿ ನಿಲ್ಲಿಸಿ ಇಂಜಿನ್ ಓಡಲು ಬಿಡು. ಮುಳ್ಳು ಏರಿದರೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಸ್ವಿಚ್, ಮೋಟಾರ್ ನೋಡಿಸು. ಆಟೋಕ್ರಾಸ್‌ನಲ್ಲಿ ಇದು ತುಂಬಾ ಮುಖ್ಯ. ಎರಡು ನಿಮಿಷ ಕಿರುಚಿಸಿ ಓಡಿಸುತ್ತೀಯ, ಮುಂದಿನ ಓಟಕ್ಕೆ ಬಿಸಿಲಲ್ಲಿ ಅರ್ಧ ಗಂಟೆ ಸಾಲಲ್ಲಿ ನಿಲ್ಲುತ್ತೀಯ. ಓಡುವಾಗಲೂ ಬಿಸಿ ಆಗಲು ಶುರುವಾದರೆ ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ ಮಾಡಿಸು, ಅಂದರೆ ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿ ಕ್ಲೀನ್ ಮಾಡಿಸು. ಹಳೇ ನೀರಿನ ಹೋಸ್‌ಗಳು ಹೇಗೂ ಹೊಸದಾಗಲಿ.

ಇಂಜಿನ್ ಬಿಚ್ಚಲು ಹೋಗಬೇಡ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಚೆಕ್ ಮಾಡಿಸು, ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಚದರ ಸೆಂ.ಮೀ.ಗೆ 1 ಕೆ.ಜಿ. ದಾಟದಿದ್ದರೆ ಮುಂದೆ ಹೋಗು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ, ಹಾಕೇ ಇಲ್ಲ ಅಂದುಕೊಂಡು ಹೊಸದು ಹಾಕಿಸು. ಆಯಿಲ್ ಮೇಲಿನ ಗುರುತಿನವರೆಗೆ ಇರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪ್‌ಗೆ ಸಿಗದೆ ಕೆಂಪು ಲೈಟ್ ಮಿನುಗುತ್ತದೆ. ಪೆಟ್ರೋಲ್ ಕೂಡ ಕಾಲು ಟ್ಯಾಂಕಿಗಿಂತ ಕಮ್ಮಿ ಬೇಡ, ಅದೇ ಕಾರಣ.

ಮುಂದಿನ ಚಕ್ರ ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಶ್‌ಗೆ ಉದ್ದ ಸಬ್ಬಲ್ ಕೊಟ್ಟು ಮೀಟಿ ನೋಡು, ಆಡಿದರೆ ಬದಲಾಯಿಸು. ಬಾಲ್ ಜಾಯಿಂಟ್, ಶಾಕ್ ಮೇಲಿನ ಮೌಂಟ್, ವೀಲ್ ಬೇರಿಂಗ್ ಕೂಡ. ಇವಾದ ಮೇಲೇ ಅಲೈನ್‌ಮೆಂಟ್. ದುಡ್ಡು ಉಳಿದರೆ ದಪ್ಪ ಸಂಪ್ ಗಾರ್ಡ್, ಒಳ್ಳೇ ಟೈರ್. ಉಳಿಯುವುದಿಲ್ಲ ಬಿಡು.

ಹಾಸನದ_ಎಸ್ಟೀಮ್:

ಅಣ್ಣಾ, ಇಷ್ಟೊಂದು ಬರೆದಿದ್ದಕ್ಕೆ ಥ್ಯಾಂಕ್ಸ್. ಇವತ್ತೇ ನೋಡಿದೆ, ನೀವು ಹೇಳಿದ ಹಾಗೆ ಬಲಗಡೆ ಚಕ್ರ ತಣ್ಣಗಿದೆ! ಫ್ಯಾನ್ ತಿರುಗುತ್ತಿಲ್ಲ, ನೇರವಾಗಿ ಬ್ಯಾಟರಿ ಕೊಟ್ಟರೆ ತಿರುಗುತ್ತದೆ. ಇನ್ನೆರಡು ಪ್ರಶ್ನೆ. ಇನ್ಶೂರೆನ್ಸ್ ಇದೆ, ಅಲ್ಲಿ ಏನಾದರೂ ಆದರೆ ಕ್ಲೇಮ್ ಆಗುತ್ತದಾ? ಸ್ಪರ್ಧೆ ದಿನ ಗಾಡಿ ಒಳಗಿಂದ ಏನೇನು ತೆಗೆಯಬೇಕು?

ಪಾಲಿಸಿ_ಪುಟ:

ಕ್ಲೇಮ್ ಆಸೆ ಬಿಡಿ. ನಮ್ಮಲ್ಲಿನ ಮಾಮೂಲಿ ಕಾರ್ ಪಾಲಿಸಿಯಲ್ಲಿ ಗಾಡಿಯನ್ನು ಯಾವುದಕ್ಕೆಲ್ಲ ಬಳಸಬಾರದು ಅಂತ ಒಂದು ಪಟ್ಟಿ ಇರುತ್ತದೆ. ಆಯೋಜಿತ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಎರಡೂ ಅದರಲ್ಲಿವೆ. ಸವಕಳಿ ಕಡಿತ ಇಲ್ಲದ ಬಂಪರ್ ಟು ಬಂಪರ್ ಪಾಲಿಸಿ ಇದ್ದರೂ ಅಷ್ಟೆ. ಮನೆಯಿಂದ ಅಲ್ಲಿಗೆ ರೋಡಲ್ಲಿ ಓಡಿಸಿಕೊಂಡು ಹೋಗಲು ಮಾತ್ರ ಪಾಲಿಸಿ ಬೇಕೇ ಬೇಕು. ಆಯೋಜಕರು ಸ್ಪರ್ಧೆಗೆ ಏನು ವಿಮೆ ಮಾಡಿಸಿದ್ದಾರೆ ಅಂತ ಎಂಟ್ರಿ ಫೀ ಕಟ್ಟುವ ಮೊದಲೇ ಕೇಳಿ.

ಗ್ರೀಸ್_ಕೈ, ತರೀಕೆರೆ:

ಬಲ ಕ್ಯಾಲಿಪರ್ ಬಿಚ್ಚಿಸು. ಪಿನ್‌ಗೆ ಬ್ರೇಕ್ ಗ್ರೀಸ್ ಮಾತ್ರ, ಮಾಮೂಲಿ ಗ್ರೀಸ್ ರಬ್ಬರ್ ತಿನ್ನುತ್ತದೆ. ಫ್ಯಾನ್ ಮೋಟಾರ್ ಸರಿ ಇದೆ, ಇನ್ನು ಫ್ಯೂಸ್, ರಿಲೇ, ಸ್ವಿಚ್ ನೋಡಿಸು. ಸಣ್ಣದರಲ್ಲೇ ಹೋಗುತ್ತದೆ ಬಿಡು.

ಸ್ಟೆಪ್ನಿ, ಜಾಕಿ, ಪಾನಾ, ಡಿಕ್ಕಿಯ ಸ್ಪೀಕರ್ ಡಬ್ಬ, ನೀರಿನ ಬಾಟಲಿ ಎಲ್ಲ ಅಲ್ಲೇ ಇಳಿಸಿ ಟಾರ್ಪಾಲ್ ಮೇಲೆ ಇಡು. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ತಪ್ಪದೆ ತೆಗಿ, ಅದು ಮಡಚಿ ಪೆಡಲ್ ಕೆಳಗೆ ಸೇರಿಕೊಳ್ಳುತ್ತದೆ. ಬ್ಯಾಟರಿ ಕ್ಲಾಂಪ್ ಗಟ್ಟಿ ಇರಬೇಕು. ತಂತಿ ಕಟ್ಟಿದ್ದರೆ ಓಟಕ್ಕೆ ಮೊದಲು ಗಾಡಿ ಪರೀಕ್ಷಿಸುವ ಸ್ಕ್ರೂಟಿನಿಯಲ್ಲಿ ವಾಪಸ್ ಕಳಿಸುತ್ತಾರೆ, ಕಳಿಸಬೇಕು ಕೂಡ. ಟೋಯಿಂಗ್ ಹುಕ್, ಹೆಲ್ಮೆಟ್, ಸೀಟ್ ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್ ನೋಡಿಕೋ. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಮಾನ್ಯತೆ ಇರುವ ಸ್ಪರ್ಧೆಯಾದರೆ ಲೈಸೆನ್ಸ್ ವಿಷಯವನ್ನೂ ಮೊದಲೇ ವಿಚಾರಿಸು. ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಕೈಯಲ್ಲಿರಲಿ.

ಟೈರ್ ಗಾಳಿ ತುಂಬಾ ಇಳಿಸಬೇಡ, ಅಡ್ಡ ಜಾರಿದಾಗ ಟೈರ್ ರಿಮ್ ಬಿಟ್ಟು ಬರುತ್ತದೆ. ಪ್ರತಿ ಓಟ ಆದ ಮೇಲೆ ವೀಲ್ ನಟ್ ಒಂದು ಸುತ್ತು ನೋಡು, ಏರ್ ಫಿಲ್ಟರ್ ತೆಗೆದು ತಟ್ಟಿ ಹಾಕು. ನಿಂತಾಗ ಬಾನೆಟ್ ಎತ್ತಿಡು.

ಸ್ಟೆಪ್ನಿ_ಸ್ವಾಮಿ:

ಒಪ್ಪಿಗೆ ಪತ್ರ ಬರೆಸಲು ಹೋದಾಗ ಅಪ್ಪ ಏನಂದರು ಅಂತ ಇಲ್ಲಿ ತಪ್ಪದೆ ಬರೆಯಿರಿ.