ಪ್ರಶ್ನೋತ್ತರ: ಕಿರುಪರೀಕ್ಷೆಯಲ್ಲಿ 20ಕ್ಕೆ 18, ಮಸೂರ ಕೈಗೆ ಕೊಟ್ಟರೆ ತಪ್ಪು ಉತ್ತರ

ಪ್ರಶ್ನೆ (ಪಿಸಿಎಂ, ಅಂದರೆ ಭೌತ, ರಸಾಯನ, ಗಣಿತದ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ತುಮಕೂರು ಕಡೆ):

ಸರ್ ನಮಸ್ಕಾರ. ಹತ್ತನೇ ತರಗತಿಗೆ ಬೆಳಕಿನ ಪಾಠ ಮುಗಿಸಿ ಕಿರುಪರೀಕ್ಷೆ ಕೊಟ್ಟೆ. 'ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ಣ ಪ್ರತಿಬಿಂಬ ಉಂಟಾಗುತ್ತದೆಯೇ?' ಅನ್ನೋ ಪಠ್ಯಪುಸ್ತಕದ್ದೇ ಪ್ರಶ್ನೆ ಅದರಲ್ಲಿತ್ತು. ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ 'ಹೌದು, ಪೂರ್ಣ ಪ್ರತಿಬಿಂಬ ಮೂಡುತ್ತದೆ, ಪ್ರಕಾಶ ಕಡಿಮೆಯಾಗುತ್ತದೆ' ಅಂತ ಬರೆದಿದ್ರು. ಖುಷಿಯಾಯ್ತು.

ಮರುದಿನ ಮಸೂರ ಕೈಗೆ ಕೊಟ್ಟು, ಕಿಟಕಿಯ ಪ್ರತಿಬಿಂಬ ಎದುರುಗೋಡೆ ಮೇಲೆ ತರಿಸಿದೆ. 'ಈಗ ಮಸೂರದ ಕೆಳಗಿನ ಅರ್ಧ ರಟ್ಟಿನಿಂದ ಮುಚ್ತೀನಿ, ಮುಚ್ಚೋ ಮುಂಚೆ ಹೇಳಿ, ಏನಾಗುತ್ತೆ?' ಅಂದೆ. 'ಅರ್ಧ ಕಿಟಕಿ ಹೋಗುತ್ತೆ ಮಿಸ್' ಅಂತು ಇಡೀ ತರಗತಿ. ಹಿಂದಿನ ದಿನ ಸರಿ ಬರೆದವರೇ! ಇವರಿಗೆ ಗೊತ್ತಿದೆಯೋ ಇಲ್ಲವೋ? 20ಕ್ಕೆ 18, 19 ಅಂತ ಅಂಕ ದಾಖಲಿಸಿ ಆಗಿಬಿಟ್ಟಿದೆ.

ಉತ್ತರ (ಡಯಟ್ ಅನ್ನೋ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯ ನಿವೃತ್ತ ಉಪನ್ಯಾಸಕ, ಈ ಶಿಕ್ಷಕರ ಗುಂಪಿನಲ್ಲಿ ಮೌಲ್ಯಮಾಪನದ ಪ್ರಶ್ನೆಗಳಿಗೆ ಉತ್ತರಿಸುವವರು):

ಮೇಡಂ, ಆ ಎರಡು ದಿನಗಳಲ್ಲಿ ನಿಜವಾದ ಪರೀಕ್ಷೆ ಆಗಿದ್ದು ಎರಡನೇ ದಿನ. 'ಮುಚ್ಚೋ ಮುಂಚೆ ಹೇಳಿ' ಅಂದಿರಲ್ಲ, ಅಲ್ಲೇ ಹಿಡಿದಿರಿ.

ಮೊದಲನೇ ದಿನ ನೀವು ಅಳೆದದ್ದು ಆ ಪ್ರಶ್ನೆಯ ಉತ್ತರ ನೆನಪಿದೆಯೇ ಅನ್ನೋದನ್ನ. ಅದು ಅಭ್ಯಾಸದ ಪ್ರಶ್ನೆ, ಗೈಡಿನಲ್ಲಿ ಉತ್ತರ ಇದೆ, ನೋಟ್ಸಿನಲ್ಲೂ ಇದೆ. 'ಕಪ್ಪು ಕಾಗದ' ಅನ್ನೋ ಪದ ಕಂಡ ಕೂಡಲೇ ಕೈ ತಾನಾಗೇ ಓಡುತ್ತೆ. ಇದರಲ್ಲಿ ಮಕ್ಕಳದ್ದು ತಪ್ಪಿಲ್ಲ, ನಿಮ್ಮದೂ ಇಲ್ಲ. ಆದರೆ ಅಚ್ಚಾದ ಪ್ರಶ್ನೆಯನ್ನು ಅದೇ ವೇಷದಲ್ಲಿ ಕೇಳಿದರೆ ತಿಳಿವಳಿಕೆ ಗೊತ್ತಾಗೋದಿಲ್ಲ. ಪರಿಕಲ್ಪನೆ ಅದೇ ಇರಲಿ, ವೇಷ ಬದಲಾಗಲಿ. ನಾನು ತರಬೇತಿಗಳಲ್ಲಿ ಕೇಳುತ್ತಿದ್ದದ್ದು ಇದು: 'ಪರದೆ ಮೇಲೆ ಕಿಟಕಿಯ ಪ್ರತಿಬಿಂಬ ಸ್ಪಷ್ಟವಾಗಿ ಮೂಡಿದೆ. ಆಗ ಮಸೂರದ ಮೇಲೆ ಒಂದು ನೊಣ ಬಂದು ಕೂತಿತು. ಪರದೆಯಲ್ಲಿ ಏನು ಬದಲಾವಣೆ ಕಾಣುತ್ತೆ?' ಕಪ್ಪು ಕಾಗದದ ಉತ್ತರ ಬಾಯಿಪಾಠ ಮಾಡಿದವರು ಇಲ್ಲಿ 'ನೊಣ ದೊಡ್ಡದಾಗಿ, ತಲೆಕೆಳಗಾಗಿ ಕಾಣುತ್ತೆ' ಅಂತಾರೆ. ಶಿಕ್ಷಕರೂ ಹೇಳಿದ್ದಾರೆ, ಇರಲಿ.

ಮಕ್ಕಳು ಯಾಕೆ 'ಅರ್ಧ ಕಿಟಕಿ ಹೋಗುತ್ತೆ' ಅಂತಾರೆ ಅನ್ನೋದು ಇನ್ನೂ ಮುಖ್ಯ. ಅವರ ಲೆಕ್ಕದಲ್ಲಿ ಕಿಟಕಿಯ 'ಚಿತ್ರ' ಇಡಿಯಾಗಿ ತೇಲಿ ಬಂದು ಮಸೂರದ ಮೂಲಕ ತೂರಿ ಗೋಡೆಗೆ ಅಂಟುತ್ತೆ. ಹಾಗಾದ್ರೆ ಅರ್ಧ ದಾರಿ ಮುಚ್ಚಿದ್ರೆ ಅರ್ಧ ಚಿತ್ರ ನಿಲ್ಲಬೇಕಲ್ಲ! ನಾವು ಬೋರ್ಡ್ ಮೇಲೆ ಬರೆಯೋ ಕಿರಣ ರೇಖಾಚಿತ್ರವೂ ಇದಕ್ಕೆ ನೀರೆರೆಯುತ್ತೆ. ಎರಡೇ ಕಿರಣ ಎಳೀತೀವಿ, ಮಗು ಆ ಬಿಂದುವಿನಿಂದ ಹೊರಡೋದೇ ಎರಡು ಕಿರಣ ಅಂದುಕೊಳ್ಳುತ್ತೆ. ಒಂದು ಬಿಂದುವಿನ ಬೆಳಕು ಮಸೂರದ ಎಲ್ಲ ಭಾಗಕ್ಕೂ ಬಿದ್ದು, ಎಲ್ಲವೂ ಬಾಗಿ ಒಂದೇ ಕಡೆ ಸೇರುತ್ತೆ ಅನ್ನೋದು ತಲೆಗೆ ಹೋಗಿರೋದಿಲ್ಲ. ಇದನ್ನು ಪರೀಕ್ಷಿಸೋಕೆ ಹೊಸ ಪ್ರಶ್ನೆಪತ್ರಿಕೆ ಬೇಡ. ಅದೇ ರೇಖಾಚಿತ್ರ ಕೊಟ್ಟು, 'ಇದೇ ತುದಿಯಿಂದ ಮಸೂರದ ಕೆಳಅಂಚಿಗೆ ಬೀಳುವ ಇನ್ನೊಂದು ಕಿರಣ ಎಳೆ, ಅದು ಮುಂದೆ ಎಲ್ಲಿಗೆ ಹೋಗುತ್ತೆ ತೋರಿಸು' ಅನ್ನಿ. ಯಾರಿಗೆ ತಿಳಿದಿದೆ, ಯಾರಿಗಿಲ್ಲ ಅನ್ನೋದು ಪೆನ್ಸಿಲ್ ಓಡೋದರಲ್ಲೇ ಕಾಣುತ್ತೆ.

18 ಅಂಕ ಹಾಗೇ ಇರಲಿ, ತಿದ್ದಬೇಡಿ. ಓದಿದ್ದಕ್ಕೆ ಸಿಕ್ಕ ಅಂಕ ಅದು.

ಪ್ರತಿಕ್ರಿಯೆ (ವಿಜ್ಞಾನ ಶಿಕ್ಷಕ, ಧಾರವಾಡ ಜಿಲ್ಲೆ):

ಸರ್ ನಮಸ್ಕಾರ್ರಿ. ನೀವು ಹೇಳೂದು ಖರೇ ಐತ್ರಿ. ಆದ್ರ ನಮ್ಮ ಸಾಲ್ಯಾಗ 9ನೇತ್ತಾ ಎರಡು ಸೆಕ್ಷನ್ ಕೂಡಿ 112 ಹುಡುಗ್ರು ಅದಾರ. ಒಬ್ಬೊಬ್ಬರನ್ನ ಕುಂದರಿಸಿ 'ಯಾಕ ಹಂಗ?' ಅಂತ ಕೇಳ್ಕೋತ ಕುಂತ್ರ ಪೋರ್ಶನ್ ಯಾವಾಗ ಮುಗಸೂದ್ರಿ?

ಉತ್ತರ:

112 ಅಂದ್ರೆ ಕಷ್ಟವೇ ಸರ್, ಸುಮ್ಮನೆ ಸಮಾಧಾನ ಹೇಳಲ್ಲ. ಎರಡು ಹಂತದ ಪ್ರಶ್ನೆ ಅಂತ ಒಂದು ದಾರಿ ಇದೆ. ಆಸ್ಟ್ರೇಲಿಯಾದ ಶಿಕ್ಷಣ ಸಂಶೋಧಕ ಡೇವಿಡ್ ಟ್ರೆಗಸ್ಟ್ ಅನ್ನೋರು 1988ರಲ್ಲಿ ಇದನ್ನು ಕ್ರಮಬದ್ಧವಾಗಿ ಬರೆದಿಟ್ಟರು. ಮೊದಲು ಉತ್ತರ ಆರಿಸಬೇಕು, ಆಮೇಲೆ ಆ ಉತ್ತರಕ್ಕೆ ಕಾರಣವನ್ನೂ ಆರಿಸಬೇಕು. ಎರಡೂ ಸರಿಯಿದ್ದರೆ ಮಾತ್ರ ಲೆಕ್ಕಕ್ಕೆ.

ಉದಾಹರಣೆಗೆ: ರಾತ್ರಿಯಿಡೀ ಅಡುಗೆಮನೆಯ ನೆಲದ ಮೇಲೆ ಒಂದು ಸ್ಟೀಲ್ ತಟ್ಟೆ, ಪಕ್ಕದಲ್ಲೇ ಒಂದು ಮರದ ಮಣೆ ಇದ್ದವು. ಬೆಳಿಗ್ಗೆ ಯಾವುದರ ತಾಪ ಕಡಿಮೆ? ತಟ್ಟೆ, ಮಣೆ, ಎರಡೂ ಒಂದೇ. ಈಗ ಕಾರಣ: (ಅ) ಲೋಹ ತಂಪನ್ನು ಹೀರಿಕೊಳ್ಳುತ್ತೆ. (ಆ) ಮುಟ್ಟಿದರೆ ಯಾವುದು ತಣ್ಣಗೋ ಅದರ ತಾಪವೇ ಕಡಿಮೆ. (ಇ) ಬಹಳ ಹೊತ್ತು ಒಂದೇ ಜಾಗದಲ್ಲಿದ್ದು ಎರಡೂ ಅಲ್ಲಿನ ತಾಪಕ್ಕೇ ಬಂದಿವೆ, ಲೋಹ ನಮ್ಮ ಕೈಯ ಶಾಖವನ್ನು ಬೇಗ ಎಳೆಯುತ್ತೆ ಅಷ್ಟೆ. (ಈ) ಎರಡೂ ಘನವಸ್ತುಗಳಾದ್ದರಿಂದ ತಾಪ ಒಂದೇ.

'ಎರಡೂ ಒಂದೇ' ಅಂತ ಸರಿ ಗುರುತು ಹಾಕಿ, ಕಾರಣಕ್ಕೆ (ಈ) ಆರಿಸೋರು ಸಿಗ್ತಾರೆ ನೋಡಿ, ಮಾಮೂಲಿ ಬಹು ಆಯ್ಕೆ ಪ್ರಶ್ನೆಯಲ್ಲಿ ಅವರಿಗೆ ಪೂರ್ತಿ ಅಂಕ ಬಂದಿರುತ್ತಿತ್ತು. ಮೂರು ಉತ್ತರ, ನಾಲ್ಕು ಕಾರಣ, ಒಟ್ಟು 12 ಜೋಡಿ. ಕಣ್ಣುಮುಚ್ಚಿ ಗುರುತು ಹಾಕಿ ಗೆಲ್ಲೋದು ಸುಲಭವಲ್ಲ. ಒಂದು ಎಚ್ಚರ: ತಪ್ಪು ಕಾರಣಗಳನ್ನು ನೀವು ಕೂತು ಕಲ್ಪಿಸಬೇಡಿ. ಹಿಂದಿನ ವರ್ಷದ ಉತ್ತರ ಪತ್ರಿಕೆಯಿಂದ, ಮಕ್ಕಳ ಬಾಯಿಂದ ಬಂದದ್ದನ್ನೇ ಎತ್ತಿಕೊಳ್ಳಿ. ನಾವು ಕಲ್ಪಿಸಿದ ತಪ್ಪು ಮಕ್ಕಳಿಗೆ ತಪ್ಪಾಗೇ ಕಾಣುತ್ತೆ, ಯಾರೂ ಬೀಳಲ್ಲ.

ವಾರಕ್ಕೆ ಒಂದೇ ಪ್ರಶ್ನೆ, ಪೀರಿಯಡ್ಡಿನ ಕೊನೆ ಐದು ನಿಮಿಷ, ಹರಿದ ನೋಟ್‌ಬುಕ್ ಹಾಳೆಯ ಚೀಟಿ. ಅಂಕ ಹಾಕಬೇಡಿ, ಮೂರು ಗುಡ್ಡೆ ಮಾಡಿ: ಎರಡೂ ಸರಿ, ಉತ್ತರ ಮಾತ್ರ ಸರಿ, ಎರಡೂ ತಪ್ಪು. 112 ಚೀಟಿ ಗುಡ್ಡೆ ಹಾಕೋಕೆ ಒಂದು ಲೋಟ ಚಹಾ ಮುಗಿಯೋಷ್ಟು ಹೊತ್ತು ಸಾಕ್ರಿ.

ಪ್ರತಿಕ್ರಿಯೆ (ಸಿಬಿಝಡ್, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಶಿಕ್ಷಕ, ಶಿವಮೊಗ್ಗ ಜಿಲ್ಲೆ):

ನಮ್ಮ ಕಡೆ ಎಲ್ಲಾ ಅಡಿಕೆ ತೋಟದ ಮಕ್ಕಳು ಸರ್. ದ್ಯುತಿಸಂಶ್ಲೇಷಣೆಯ ಸಮೀಕರಣ ಸರಿದೂಗಿಸಿ ಬರೀತಾರೆ. 'ಅಡಿಕೆ ಮರದ ತೂಕ ಎಲ್ಲಿಂದ ಬಂತು' ಅಂದ್ರೆ 'ಮಣ್ಣಿಂದ, ಗೊಬ್ಬರದಿಂದ' ಅಂತಾರೆ. ಸೊನ್ನೆ ಕೊಡಲೋ ಬೇಡವೋ?

ಉತ್ತರ:

ಸೊನ್ನೆ ಕೊಟ್ಟರೆ ಆ ಮಗುವಿನ ಅಪ್ಪನಿಗೂ ಸೊನ್ನೆ ಕೊಟ್ಟ ಹಾಗೆ! ಗೊಬ್ಬರ ಹಾಕದಿದ್ರೆ ಫಸಲು ಬರಲ್ಲ ಅನ್ನೋದನ್ನು ಆ ಮಗು ಕಣ್ಣಾರೆ ಕಂಡಿದೆ. ಅದರ ಅನುಭವ ಸುಳ್ಳಲ್ಲ. ಖನಿಜಾಂಶ ಬೇಕೇ ಬೇಕು, ಆದರೆ ತೂಕದ ಲೆಕ್ಕದಲ್ಲಿ ಅದು ಚೂರು. ಹಸಿ ಮರದಲ್ಲಿ ನೀರಿನ ತೂಕ ಬಹಳ ಇರುತ್ತೆ. ಒಣಗಿಸಿದ ಮೇಲೆ ಉಳಿಯೋದರ ಬಹುಪಾಲು ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ ಕಟ್ಟಿದ್ದು.

ಬೆಲ್ಜಿಯಂನ ವಿಜ್ಞಾನಿ ವಾನ್ ಹೆಲ್ಮಾಂಟ್ ಒಣಗಿಸಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 169 ಪೌಂಡ್ ಆಯಿತು, ಮಣ್ಣು ಕಡಿಮೆಯಾದದ್ದು 2 ಔನ್ಸ್, ಅಂದರೆ 60 ಗ್ರಾಮಿಗೂ ಕಡಿಮೆ. ಅವನು ಸತ್ತ ಮೇಲೆ 1648ರಲ್ಲಿ ಇದು ಅಚ್ಚಾಯಿತು. ಈ ಅಂಕಿಗಳನ್ನು ಬೋರ್ಡ್ ಮೇಲೆ ಬರೆದು, 'ನಿನ್ನ ಉತ್ತರ ಇದಕ್ಕೆ ಹೊಂದುತ್ತಾ?' ಅಂತ ಕೇಳಿ. ಅದಾದ ಮೇಲೆ ಇನ್ನೊಂದು: 'ಮರವೆಲ್ಲ ನೀರಿನಿಂದಲೇ ಆದದ್ದು ಅಂತ ಹೆಲ್ಮಾಂಟ್ ತೀರ್ಮಾನಿಸಿದ. ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಏನು?' ಸಮೀಕರಣ ಬರೆದ ಮಗುವಿಗೆ ಅದರಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅಂದರೆ ಇದೇ ಗಾಳಿಯದ್ದು ಅಂತ ಹೊಳೆಯೋದು ಈ ಪ್ರಶ್ನೆಯಲ್ಲಿ. ಎರಡು ಅಂಕ ಇಡಬೇಕಾದದ್ದು ಇಲ್ಲಿ.

ಪ್ರತಿಕ್ರಿಯೆ (ಶಿಕ್ಷಕಿ, ಮೈಸೂರು):

ಪ್ರಶ್ನೆಯೇ ತಪ್ಪಾಗಿದೆಯಾ, ಮಕ್ಕಳದ್ದು ತಪ್ಪಾ ಅಂತ ಗೊತ್ತಾಗೋದು ಹೇಗೆ ಸರ್?

ಉತ್ತರ:

ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ. 40 ಮಕ್ಕಳಿದ್ದರೆ ಮೇಲಿನ 11, ಕೆಳಗಿನ 11 ಎತ್ತಿಕೊಳ್ಳಿ (ಶೇ. 27 ಅನ್ನೋದು ಹಳೆಯ ರೂಢಿ). ಒಂದು ಪ್ರಶ್ನೆಯನ್ನು ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 3 ಜನ ಸರಿ ಮಾಡಿದ್ದರೆ ಪ್ರಶ್ನೆ ಚೆನ್ನಾಗಿದೆ. ಉಲ್ಟಾ ಆಗಿ ಕೆಳಗಿನವರೇ ಹೆಚ್ಚು ಸರಿ ಮಾಡಿದ್ದರೆ ಪ್ರಶ್ನೆಯನ್ನು ಅನುಮಾನಿಸಿ.

ಆದರೆ ಅನುಮಾನಿಸಿ ಅಂದೆ, ಎಸೆಯಿರಿ ಅನ್ನಲಿಲ್ಲ. ನಾನು ಮೇಷ್ಟ್ರಾಗಿದ್ದಾಗ 'ನೀರು ಕಾಯಿಸುವಾಗ ಬರುವ ಗುಳ್ಳೆಯೊಳಗೆ ಏನಿರುತ್ತದೆ?' ಅಂತ ಕೇಳಿದ್ದೆ. ಹಿಂದಿನ ಬೆಂಚಿನ ಹುಡುಗರು 'ಆವಿ' ಅಂದರು. ಫಸ್ಟ್ ರ‍್ಯಾಂಕಿನವರು 'ಹೈಡ್ರೋಜನ್ ಮತ್ತು ಆಕ್ಸಿಜನ್' ಅಂದರು, ನೀರಿನ ಸೂತ್ರ ಗೊತ್ತಲ್ಲ! ಓದು ಹೆಚ್ಚಾಗಿ ದಾರಿ ತಪ್ಪಿದ್ದು. ಅಲ್ಲಿ ಪ್ರಶ್ನೆ ಕೆಟ್ಟದ್ದಲ್ಲ, ಕುದಿಯೋದಕ್ಕೂ ನೀರಿನ ಅಣು ಒಡೆಯೋದಕ್ಕೂ ವ್ಯತ್ಯಾಸ ನಾನು ಕಲಿಸಿರಲಿಲ್ಲ ಅಂತ ಅದು ತೋರಿಸಿತು. ಒಬ್ಬ ಹುಡುಗ 'ಗಾಳಿ' ಅಂತ ಬರೆದಿದ್ದ, ಸೊನ್ನೆ ಹಾಕಿದೆ. ಆಮೇಲೆ ಯೋಚಿಸಿದರೆ ಅವನೂ ಸರಿಯೇ. ನೀರು ಬಿಸಿಯಾಗೋ ಶುರುವಿನಲ್ಲಿ ಪಾತ್ರೆಯ ಗೋಡೆಗೆ ಅಂಟೋ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವೇ. 'ಕೊತಕೊತ ಕುದಿಯುವಾಗ' ಅಂತ ನಾನು ಬರೆಯಬೇಕಿತ್ತು. ಅವನು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದ, ಅಂಕ ವಾಪಸು ಕೊಡೋಕಾಗಲಿಲ್ಲ.

ಪ್ರತಿಕ್ರಿಯೆ (ಅದೇ ಶಿಕ್ಷಕಿ):

ಇನ್ನೊಂದು ಸರ್. ಕೀ ಉತ್ತರದಲ್ಲಿರೋ ಪದ ಇಲ್ಲದಿದ್ರೆ ಅಂಕ ಕಳೀಬೇಕಾ?

ಉತ್ತರ:

ಮಡಕೆಯ ನೀರು ಏಕೆ ತಣ್ಣಗಿರುತ್ತೆ, 2 ಅಂಕ. ಒಬ್ಬಳು ಬರೆದಳು: 'ಬಾಷ್ಪೀಭವನದಿಂದ.' ಇನ್ನೊಬ್ಬಳು: 'ಮಡಕೆ ಬೆವರುತ್ತೆ, ಬೆವರು ಆರುವಾಗ ಒಳಗಿನ ಬಿಸಿ ತಗೊಂಡು ಹೋಗುತ್ತೆ.' ನಾನಾದ್ರೆ ಎರಡನೆಯವಳಿಗೆ ಎರಡೂ ಅಂಕ, ಮೊದಲನೆಯವಳಿಗೆ ಒಂದು. ತರಗತಿಯಲ್ಲಿ ಅಂಕವನ್ನು ಪದಕ್ಕಲ್ಲ, ವಿಚಾರದ ಮೆಟ್ಟಿಲಿಗೆ ಹಂಚಿ: ನೀರು ಹೊರಗೆ ಜಿನುಗಿ ಆವಿಯಾಗೋದು ಒಂದು, ಆವಿಯಾಗೋಕೆ ಬೇಕಾದ ಶಾಖ ಒಳಗಿನ ನೀರಿನಿಂದ ಹೋಗೋದು ಇನ್ನೊಂದು. ಆಮೇಲೆ ಆ ಹುಡುಗಿಗೆ 'ಬಾಷ್ಪೀಭವನ' ಪದವನ್ನೂ ಕಲಿಸಿ, ಬೋರ್ಡ್ ಪರೀಕ್ಷೆಯಲ್ಲಿ ಯಾರ ಕೈಗೆ ಪತ್ರಿಕೆ ಬೀಳುತ್ತೋ ಹೇಳೋಕಾಗಲ್ಲ. ಇಬ್ಬರಿಗೂ ಕೇಳಬಹುದಾದ ಮುಂದಿನ ಪ್ರಶ್ನೆ: ಬೇಸಿಗೆಯಲ್ಲಿ ರಾಯಚೂರಿನ ಮಡಕೆ ಹೊರಗಿನ ಗಾಳಿಗಿಂತ ಎಷ್ಟೋ ತಣ್ಣಗಿರುತ್ತೆ, ಮಂಗಳೂರಿನದು ಅಷ್ಟಿಲ್ಲ, ಯಾಕೆ?

ಪ್ರತಿಕ್ರಿಯೆ (ಮುಖ್ಯ ಶಿಕ್ಷಕ, ಹೆಸರು ಬೇಡ):

ಎಲ್ಲಾ ಚೆನ್ನಾಗಿದೆ ಮೇಷ್ಟ್ರೇ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದ್ರೆ ನೋಟಿಸ್ ಬರೋದು ನಮಗೆ. ನಮ್ಮದು ಪಾಸಿಂಗ್ ಪ್ಯಾಕೇಜ್ ಕಾಲ. ಚಿತ್ರ ಬರೆಸು, ವ್ಯಾಖ್ಯೆ ಉರು ಹೊಡೆಸು, ದಡ ಸೇರಿಸು. ನೊಣ, ಮಡಕೆ ಎಲ್ಲಾ ಆಮೇಲೆ.

ಉತ್ತರ:

ಸರ್, ನಿಮ್ಮ ಕುರ್ಚಿಯಲ್ಲಿ ಕೂತು ನೋಡಿದರೆ ನನಗೂ ಹಾಗೇ ಅನಿಸುತ್ತೆ. ಜನವರಿಯಲ್ಲಿ ದಡ ಕಾಣದ ಮಗುವಿಗೆ ಪ್ಯಾಕೇಜ್ ಕೊಡಿ, ನಾನು ಅಡ್ಡ ಬರಲ್ಲ. ನನ್ನ ತಕರಾರು ಎಂಟು, ಒಂಬತ್ತರಲ್ಲೂ ಅದನ್ನೇ ಮಾಡೋದಕ್ಕೆ. ವಿಜ್ಞಾನದಲ್ಲಿ 80 ಅಂಕ ಬೋರ್ಡಿನ ಕೈಲಿದೆ. ಉಳಿದ 20 ನಮ್ಮ ಕೈಲಿದೆ. ಆ 20ನ್ನು ಎಲ್ಲರಿಗೂ 18, 19 ಅಂತ ತುಂಬಿ ಕಳಿಸ್ತೀವಿ. ಚಟುವಟಿಕೆ ಅಂದ್ರೆ ಅಂಗಡಿಯಿಂದ ತಂದ ಚಾರ್ಟು, ಥರ್ಮಾಕೋಲಿನ ಜ್ವಾಲಾಮುಖಿ. ಅಲ್ಲೇ ಅಲ್ಲವೇ ನೊಣಕ್ಕೆ ಜಾಗ ಇದ್ದದ್ದು?

ಸರ್ಕಾರಿ ಶಾಲೆಗಳಲ್ಲಿ ಇದು ಆಗದ ಮಾತು ಅಂತಲೂ ಇಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ 2002ರವರೆಗೆ ನಡೆಯಿತು. ಅಲ್ಲಿ ಮಕ್ಕಳು ಪುಸ್ತಕ ಹಿಡಿದುಕೊಂಡೇ ಪರೀಕ್ಷೆಗೆ ಹೋಗ್ತಿದ್ರು, ಪ್ರಯೋಗದ ಪರೀಕ್ಷೆಯೂ ಇತ್ತು. ಪುಸ್ತಕ ತೆರೆದಿದ್ದರೆ ಪುಸ್ತಕದಲ್ಲಿರೋದನ್ನು ಕೇಳಿ ಪ್ರಯೋಜನವಿಲ್ಲ ನೋಡಿ, ಪ್ರಶ್ನೆ ತೆಗೆಯೋರಿಗೇ ಅಸಲಿ ಪರೀಕ್ಷೆ. ನಿಮ್ಮ ಶಾಲೆಯಲ್ಲಿ ಒಂದು ಕಿರುಪರೀಕ್ಷೆ ಹೀಗೆ ಕೊಟ್ಟು ನೋಡಿ, ಒಂದೇ ಒಂದು.

ಪ್ರತಿಕ್ರಿಯೆ (ಮೊದಲು ಕೇಳಿದ ಶಿಕ್ಷಕಿ, ನಾಲ್ಕು ದಿನದ ನಂತರ):

ಸರ್, ನೊಣದ ಪ್ರಶ್ನೆ ಕೇಳಿದೆ. ಮೊದಲು ಎಲ್ಲರೂ ನೀವು ಹೇಳಿದ ಹಾಗೇ ಅಂದ್ರು. ಆಮೇಲೆ ಒಬ್ಬಳು ಎದ್ದು, 'ನಮ್ಮಜ್ಜನ ಕನ್ನಡಕದ ಮೇಲೆ ಎಣ್ಣೆ ಚುಕ್ಕಿ ಇದೆ ಮಿಸ್, ಅಜ್ಜ ಪೇಪರ್ ಓದ್ತಾರೆ, ಅವರಿಗೆ ಚುಕ್ಕಿ ಕಾಣಲ್ವಂತೆ' ಅಂದಳು. ನಾನು ಏನು ಹೇಳಬೇಕೋ ಗೊತ್ತಾಗದೆ ಸುಮ್ಮನಾದೆ. ಇದು ಸರಿ ಉತ್ತರವಾ?

ಉತ್ತರ:

ಸರಿ ದಿಕ್ಕಿನಲ್ಲೇ ಇದ್ದಾಳೆ. ನೊಣವೂ ಹಾಗೇ, ಪರದೆ ಮೇಲೆ ಕಾಣಲ್ಲ, ಬೆಳಕು ಚೂರು ಕಡಿಮೆಯಾಗುತ್ತೆ ಅಷ್ಟೆ. ಚುಕ್ಕಿ ತಡೆಯೋದು ಚೂರು ಬೆಳಕನ್ನು ಮಾತ್ರ, ಅಕ್ಷರದ ಉಳಿದ ಬೆಳಕು ಸುತ್ತಲಿಂದ ಕಣ್ಣಿಗೆ ಸೇರುತ್ತೆ. ಜೊತೆಗೆ ಚುಕ್ಕಿ ಕಣ್ಣಿಗೆ ತೀರಾ ಹತ್ತಿರ ಇರೋದ್ರಿಂದ ಅದರ ಮೇಲೆ ಕಣ್ಣಿನ ಫೋಕಸ್ ನಿಲ್ಲಲ್ಲ.

ಆ ಕನ್ನಡಕವನ್ನೇ ಒಂದು ದಿನ ತರಿಸಿ. ಓದೋ ಕನ್ನಡಕ ಪ್ಲಸ್ ಎರಡೂವರೆ ಇದ್ದರೆ ಅದರ ಸಂಗಮ ದೂರ 40 ಸೆಂ.ಮೀ. ದೀಪ ಆರಿಸಿ, ಕಿಟಕಿಯ ಎದುರುಗೋಡೆಯಿಂದ ಸುಮಾರು ಅಷ್ಟು ದೂರದಲ್ಲಿ ಹಿಡಿದು, ಹೊರಗಿನ ಮರ ಸ್ಪಷ್ಟವಾಗೋವರೆಗೂ ಹಿಂದೆ ಮುಂದೆ ಮಾಡಿ. ಗಾಜಿನ ಮೇಲೆ ಒಂದು ಸಣ್ಣ ಕಾಗದದ ಚೂರು ಅಂಟಿಸಿ, ಆದರೆ ಅಂಟಿಸೋ ಮುಂಚೆ ಎಲ್ಲರ ಕೈಯಲ್ಲೂ ಚೀಟಿ ಬರೆಸಿಕೊಳ್ಳಿ. ಮತ್ತೆ ಅಜ್ಜನ ಕನ್ನಡಕ ಸಂಜೆಯೊಳಗೆ ಮನೆ ಸೇರಲಿ, ಬೆಳಿಗ್ಗೆ ಅವರಿಗೆ ಪೇಪರ್ ಬರುತ್ತೆ.