ಇಂಟರ್‌ಪೊಲೇಶನ್‌ಗೆ ಕನ್ನಡದಲ್ಲಿ ಏನು? (ನಾಳೆ ಬೆಳಗ್ಗೆ ಬೇಕು)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಗಣಿತ ಉಪನ್ಯಾಸಕ್ಕೆ ಕನ್ನಡದಲ್ಲಿ ಪೋಸ್ಟರ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟೆ. ವಿಷಯ, ಅನಂತ ಆಯಾಮಗಳ ಸ್ಪೇಸ್‌ಗಳಲ್ಲಿ ಹೋಲೋಮಾರ್ಫಿಕ್ (ಸಂಕೀರ್ಣ ಸಂಖ್ಯೆಗಳ ಮೇಲೆ ಅವಕಲಿಸಬಹುದಾದ) ಫಂಕ್ಷನ್‌ಗಳ ಪಾಲಿನೋಮಿಯಲ್ ಇಂಟರ್‌ಪೊಲೇಶನ್ ಮತ್ತು ಅಪ್ರಾಕ್ಸಿಮೇಶನ್. ಪಾಲಿನೋಮಿಯಲ್‌ಗೆ ಬಹುಪದೋಕ್ತಿ, ಫಂಕ್ಷನ್‌ಗೆ ಉತ್ಪನ್ನ, ಎರಡೂ ಪಠ್ಯಪುಸ್ತಕದಲ್ಲಿವೆ. ಸ್ಪೇಸ್‌ಗೆ ‘ಅವಕಾಶ’ ಹಾಕಿದ್ದೆ. ಮನೆಯವಳು ಓದಿ, ‘ಅನಂತ ಅವಕಾಶಗಳಾ? ಇದೇನು ಕೆಲಸದ ಜಾಹೀರಾತಾ?’ ಅಂದಳು. ತೆಗೆದೆ.

ಉಳಿದ ಎರಡಕ್ಕೆ ಬೇರೆ ಬೇರೆ ಪದ ಬೇಕು. ಮೊದಲನೆಯದರಲ್ಲಿ, ಅಂದರೆ ಇಂಟರ್‌ಪೊಲೇಶನ್‌ನಲ್ಲಿ, ಕೊಟ್ಟ ಬಿಂದುಗಳಲ್ಲಿ ಬಹುಪದೋಕ್ತಿಯ ಬೆಲೆ ಉತ್ಪನ್ನದ ಬೆಲೆಗೆ ಕರಾರುವಾಕ್ಕಾಗಿ ಹೊಂದಬೇಕು. ಎರಡನೆಯದರಲ್ಲಿ, ಅಪ್ರಾಕ್ಸಿಮೇಶನ್‌ನಲ್ಲಿ, ಎಲ್ಲೂ ಹೊಂದಬೇಕಿಲ್ಲ, ಎಲ್ಲ ಕಡೆ ಹತ್ತಿರ ಇದ್ದರೆ ಸಾಕು.

> ಉಳಿದ ಎರಡಕ್ಕೆ ಬೇರೆ ಬೇರೆ ಪದ ಬೇಕು

ಪ್ರಕ್ಷೇಪ. ಚರ್ಚೆ ಬೇಡ. ಲ್ಯಾಟಿನ್‌ನ ಇಂಟರ್‌ಪೊಲಾರೆ ಅಂದರೆ ಹಳೆಯದನ್ನು ಉಜ್ಜಿ ಹೊಸದು ಮಾಡುವುದು. ಆಮೇಲೆ ಬೇರೆಯವರ ಗ್ರಂಥದಲ್ಲಿ ತನ್ನದನ್ನು ತುರುಕುವುದು ಅಂತಾಯಿತು. ನಮ್ಮ ಗ್ರಂಥಸಂಪಾದಕರ ಪ್ರಕ್ಷೇಪವೂ ಅದೇ. ಎರಡನೆಯದಕ್ಕೆ ಅಂದಾಜು ಸಾಕು.

> ಪ್ರಕ್ಷೇಪ. ಚರ್ಚೆ ಬೇಡ.

ಬೇಕು. ಪ್ರಕ್ಷೇಪ ಅಂದರೆ ಕಾವ್ಯದೊಳಗೆ ನುಸುಳಿದ ಕಳ್ಳಪದ್ಯ. ಗಣಿತಕ್ಕೆ ಆ ಕಳಂಕ ಯಾಕೆ? ಎಲ್ಲದಕ್ಕೂ ಸಂಸ್ಕೃತದ ಬಾಗಿಲು ತಟ್ಟುವ ಚಟ ಬಿಡಿ. ನಡು + ತುಂಬಿಕೆ, ನಡುದುಂಬಿಕೆ. ಅಚ್ಚಗನ್ನಡ. ಬಹುಪದೋಕ್ತಿಯ ಜೊತೆ ಸೇರಿಸಿದರೆ ಅರಿಸಮಾಸ ಅನ್ನುವವರು ಆ ಬಹುಪದೋಕ್ತಿಯನ್ನೇ ಬಿಡಲಿ. ಅಂದಾಜು ಇರಲಿ, ನಮ್ಮದೇ ಪದ.

> ನಡುದುಂಬಿಕೆ

ಆದೇಶ ಸಂಧಿ ನಮಗೂ ಗೊತ್ತು. ಸೊಂಟಕ್ಕೆ ದುಂಬಿ ಕಚ್ಚಿದ ಹಾಗಿದೆ. ಇನ್ನು ಅಂದಾಜು ‘ನಮ್ಮದೇ’ ಅಂತೆ! ಪಾರ್ಸಿ ಸ್ವಾಮಿ, ಪಾರ್ಸಿ. ಅರ್ಜಿ, ರಸೀದಿಗಳ ಜೊತೆ ಬಂದದ್ದು. ಪಾರ್ಸಿ ನಿಮ್ಮ ಮನೆಯೊಳಗೆ ಕೂರಬಹುದು, ಸಂಸ್ಕೃತ ಮಾತ್ರ ಜಗಲಿಯಲ್ಲಿ ನಿಲ್ಲಬೇಕಾ?

> ಪಾರ್ಸಿ ನಿಮ್ಮ ಮನೆಯೊಳಗೆ ಕೂರಬಹುದು

ಜನ ಆಡುವುದೆಲ್ಲ ಕನ್ನಡ. ಪ್ರಕ್ಷೇಪ ಯಾರು ಆಡುತ್ತಾರೆ, ನಿಮ್ಮನ್ನು ಬಿಟ್ಟು?

> ನಡು + ತುಂಬಿಕೆ

ಸಾರ್, ಸ್ವಲ್ಪ ನಿಲ್ಲಿಸಿ, ನನಗೆ ಪೋಸ್ಟರ್ ಆಗಬೇಕು. ನಡು ಅನ್ನೋದು ಇಲ್ಲಿ ಹೊಂದಲ್ಲ. ಕೆರ್ಗಿನ್ ವಿಧಾನ ಅಂತ ಒಂದು ಇಂಟರ್‌ಪೊಲೇಶನ್ ಇದೆ. ಅದರಲ್ಲಿ ಬಿಂದುಗಳೆಲ್ಲ ಒಂದೇ ಕಡೆ ಕೂಡಿದರೆ ಸಿಗುವುದು ಟೇಲರ್ ಬಹುಪದೋಕ್ತಿ, ಅಂದರೆ ಒಂದೇ ಬಿಂದುವಿನಲ್ಲಿನ ಬೆಲೆ ಮತ್ತು ಬದಲಾವಣೆಯ ದರಗಳಿಂದ ಕಟ್ಟಿದ್ದು. ಇರೋದೇ ಒಂದು ಬಿಂದು, ಯಾವುದರ ನಡುವೆ ತುಂಬೋಣ? ಪ್ರಕ್ಷೇಪವೂ ಕಷ್ಟ. ಪ್ರೊಜೆಕ್ಷನ್‌ಗೆ ಆಗಲೇ ಪ್ರಕ್ಷೇಪಣ ಅಂತಿದ್ದೇವೆ, ಅದೂ ಇದೇ ಉಪನ್ಯಾಸದಲ್ಲಿ ಬರುತ್ತದೆ.

ಅಂದಾಜು ಅಂದರೆ ಸುಮಾರು ಅಂದ ಹಾಗೆ. ಇಲ್ಲಿ ಎಲ್ಲೆಲ್ಲಿ ಹತ್ತಿರ ಅನ್ನೋದೇ ಜಗಳ. ಸೊನ್ನೆಯತ್ತ ಹೋಗುವ ಒಂದು ಸಂಖ್ಯೆಗಳ ಸಾಲು ತೆಗೆದುಕೊಳ್ಳಿ. ಮೊದಲನೆಯದು, ಎರಡನೆಯದರ ವರ್ಗ, ಮೂರನೆಯದರ ಘನ, ಹೀಗೆ ಕೂಡಿಸುತ್ತ ಹೋಗಿ. ಇಂಥ ಯಾವ ಸಾಲಿಗೂ ಮೊತ್ತ ಸಿಗುತ್ತದೆ. ಆ ಮೊತ್ತವೇ ಇಲ್ಲಿ ನಮ್ಮ ಉತ್ಪನ್ನ. ಆದರೆ ತ್ರಿಜ್ಯ 2 ಇರುವ ಗೋಳದೊಳಗಿನ, ಅಂದರೆ ಎಲ್ಲ ಸಂಖ್ಯೆಗಳೂ ಗಾತ್ರದಲ್ಲಿ 2ಕ್ಕಿಂತ ಚಿಕ್ಕವಾಗಿರುವ, ಸಾಲುಗಳನ್ನೆಲ್ಲ ಒಟ್ಟಿಗೆ ನೋಡಿದರೆ ಮೊತ್ತಕ್ಕೆ ಮಿತಿಯೇ ಇಲ್ಲ. ಈ ಉತ್ಪನ್ನದ ಟೇಲರ್ ಬಹುಪದೋಕ್ತಿಗಳು ಒಂದೊಂದು ಸಾಲಿನಲ್ಲೂ ಹತ್ತಿರ ಬರುತ್ತವೆ, ಇಡೀ ಗೋಳಕ್ಕೆ ಒಂದೇ ಸಲ ಬರುವುದಿಲ್ಲ.

ಎರಡಕ್ಕೂ ಒಂದೇ ಪದ ಹಾಕು ಅಂತ ಒಬ್ಬರು ನನಗೇ ನೇರ ಬರೆದಿದ್ದಾರೆ. ಆಗಲ್ಲ. 1901ರಲ್ಲೇ ಜರ್ಮನ್ ಗಣಿತಜ್ಞ ರುಂಗೆ ತೋರಿಸಿದ್ದಾನೆ. ಸಮ ಅಂತರದಲ್ಲಿ ಬಿಂದು ಜಾಸ್ತಿ ಮಾಡಿದ ಹಾಗೆಲ್ಲ ಬಿಂದುಗಳಲ್ಲಿ ಸರಿಯಾಗಿ ಕೂರುವ ಗೆರೆ ತುದಿಗಳಲ್ಲಿ ಹುಚ್ಚಾಪಟ್ಟೆ ಕುಣಿಯಬಹುದು.

ನಮ್ಮಪ್ಪ ಅಂಗಡಿ ಲೆಕ್ಕ ‘ತಾಳೆ’ ನೋಡುತ್ತಿದ್ದರು. ಇಂಟರ್‌ಪೊಲೇಶನ್‌ಗೆ ಅದನ್ನೇ ಹಾಕಲಾ?

> ಅದನ್ನೇ ಹಾಕಲಾ?

ಮರಾಠಿಯವರೂ ಲೆಕ್ಕಕ್ಕೆ ತಾಳಾ ನೋಡುತ್ತಾರೆ. ಮೊದಲು ಯಾರದು ಅಂತ ತೀರ್ಮಾನ ಆಗಲಿ.

> ಮೊದಲು ಯಾರದು ಅಂತ ತೀರ್ಮಾನ ಆಗಲಿ

ತಡವಾಯಿತು ಸಾರ್, ಪ್ರೆಸ್ಸಿಗೆ ಕೊಟ್ಟು ಬಂದೆ. ‘ಅನಂತ ಆಯಾಮದಲ್ಲಿ ಹೋಲೋಮಾರ್ಫಿಕ್ ಉತ್ಪನ್ನಗಳು: ಬಹುಪದೋಕ್ತಿಗಳ ತಾಳೆ ಮತ್ತು ಸಾಮೀಪ್ಯ’. ಡಿಟಿಪಿ ಹುಡುಗ ಎರಡು ಸಲ ಓದಿಕೊಂಡು, ಪಕ್ಕದಲ್ಲಿ ತಾಳೆಮರದ ಚಿತ್ರ ಹಾಕಲಾ ಅಂತ ಕೇಳಿದ.